ಜ್ವರ ಬಿಟ್ಟರೂ ಬಿಡದ ಕೆಮ್ಮು

ಮಾಗಿಯ ಚಳಿಯಲ್ಲಿ ಬರುವ ನೆಗಡಿ, ಜ್ವರಗಳು ಸಾಮಾನ್ಯವಾಗಿ ವಾರದೊಳಗೆ ಶಮನಗೊಳ್ಳುತ್ತವೆ. ಆದರೆ ಅವುಗಳ ಬೆನ್ನಿಗೆ ಬಂದ ಒಣಕೆಮ್ಮು ಹಲವರನ್ನು ವಾರಗಟ್ಟಲೆ ಕಾಡುತ್ತದೆ. ಶಿವರಾತ್ರಿಯ ಕಾಲಕ್ಕೆ ಕ್ಯಾತ್ಸಂದ್ರದ ಶ್ರೀ ಸಿದ್ಧಗಂಗಾ ಕ್ಷೇತ್ರದ ಜಾತ್ರೆಗೆ ಬರುವ ಭಕ್ತಾದಿಗಳಲ್ಲಿ ಇಂಥವರು ಅನೇಕರಿರುತ್ತಾರೆ. ದನಗಳ ಪರಿಷೆಯ ಧೂಳು ಸೋಕಿದೊಡನೆ ಅವರ ಕೆಮ್ಮು ಮರುಕಳಿಸುತ್ತದೆ.

ಇದಕ್ಕೆ ಕಾರಣವಿದೆ. ವೈರಾಣುಗಳು ಶ್ವಾಸನಾಳದ ಒಳಪದರವನ್ನು ಘಾಸಿಗೊಳಿಸಿರುತ್ತವೆ. ವೈರಾಣುಗಳು ನಾಶವಾದ ಬಳಿಕವೂ ಆ ಗಾಯ ಮಾಯಲು ಕಾಲ ಬೇಕು. ಅಲ್ಲಿಯವರೆಗೆ ಅಲ್ಲಿನ ನರಗಳು ಅತಿ ಸೂಕ್ಷ್ಮವಾಗಿದ್ದು, ತಂಗಾಳಿ, ಒಗ್ಗರಣೆಯ ಘಾಟು, ದೀರ್ಘವಾದ ಮಾತು ಇಷ್ಟೇ ಸಾಕು, ಕೆಮ್ಮು ಉಕ್ಕುತ್ತದೆ. ಇಂತಹ ಕೆಮ್ಮು 3ರಿಂದ 8 ವಾರಗಳವರೆಗೆ ಇರಬಹುದು. ಇದು ಹೊಸ ಸೋಂಕಲ್ಲವಾದ್ದರಿಂದ ಆಂಟಿಬಯೋಟಿಕ್ ಮಾತ್ರೆಗಳಿಂದ ಪ್ರಯೋಜನವಿಲ್ಲ. ಔಷಧದಂಗಡಿಯಲ್ಲಿ ಕೇಳಿ ಕೊಳ್ಳುವ ಅಭ್ಯಾಸವನ್ನು ಬಿಡುವುದೇ ಲೇಸು.

ಮೊದಲು ಹೊಗೆಯಿಂದ ದೂರವಿರಬೇಕು. ಗುಬ್ಬಿ, ಕುಣಿಗಲ್ ಕಡೆಯ ಮನೆಗಳಲ್ಲಿ ಬಚ್ಚಲೊಲೆಗೆ ತೆಂಗಿನ ಮಟ್ಟೆ, ಸೋಗೆಗಳನ್ನು ಉರಿಸುವುದುಂಟು. ಕೆಮ್ಮುಳ್ಳವರು ಒಲೆಯ ಮುಂದೆ ಕೂರದೆ ಆ ಕೆಲಸವನ್ನು ಮನೆಯ ಬೇರೆಯವರಿಗೆ ವಹಿಸಲಿ. ಬೀಡಿ, ಸಿಗರೇಟುಗಳ ಮಾತಂತೂ ಹೇಳಬೇಕಾಗಿಲ್ಲ. ಲಿಂಗಪೂಜೆಯ ವೇಳೆ ಧೂಪ, ಊದುಬತ್ತಿಗಳನ್ನು ಕೆಲದಿನ ಬಿಟ್ಟು, ವಿಭೂತಿ, ಪತ್ರೆ, ಪುಷ್ಪಗಳಿಂದ ಅರ್ಚಿಸಿದರೆ ಪೂಜೆಗೆ ಲೋಪವಿಲ್ಲವೆಂದೇ ನಮ್ಮ ಭಾವನೆ.

ರಾತ್ರಿ ಮಲಗುವ ಮುನ್ನ ಒಂದು ಚಮಚ ಜೇನುತುಪ್ಪ ಸೇವಿಸಿದರೆ ಗಂಟಲಿಗೆ ಹಿತವಾಗುತ್ತದೆ. ಒಂದು ವರ್ಷದೊಳಗಿನ ಕೂಸಿಗೆ ಜೇನನ್ನು ನೆಕ್ಕಿಸಲೇಬಾರದು. ಅದರಿಂದ ಪ್ರಾಣಾಪಾಯವೂ ಒದಗಬಹುದು. ಬಿಸಿನೀರು, ಶುಂಠಿಯ ಕಷಾಯ, ಉಪ್ಪುನೀರಿನ ಮುಕ್ಕಳಿಕೆ ಒಳ್ಳೆಯವು. ಜ್ಯೇಷ್ಠಮಧು ರಕ್ತದೊತ್ತಡವನ್ನು ಏರಿಸುವುದರಿಂದ ಬಿ.ಪಿ. ಉಳ್ಳವರು ಅದನ್ನು ದಿನವೂ ಅಗಿಯಬಾರದು. ಬಿ.ಪಿ.ಗೆಂದು ಕೊಡುವ ರಾಮಿಪ್ರಿಲ್, ಎನಾಲಾಪ್ರಿಲ್ ಮಾತ್ರೆಗಳೇ ಕೆಲವರಲ್ಲಿ ಒಣಕೆಮ್ಮು ತರುತ್ತವೆ. ಅವನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಮಕ್ಕಳಿಗೆ ಕೆಮ್ಮಿನ ಸಿರಪ್ ಕೊಡುವಾಗ ಎಚ್ಚರ ಅಗತ್ಯ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಸಿರಪ್ ಸೇವಿಸಿ ಮಕ್ಕಳು ಮೃತಪಟ್ಟರು. ಎರಡು ವರ್ಷದೊಳಗಿನ ಮಕ್ಕಳಿಗೆ ಇಂತಹ ಸಿರಪ್ ಕೊಡಲಾಗದೆಂದು ಕೇಂದ್ರ ಸರ್ಕಾರವೂ ಸೂಚಿಸಿದೆ.

ಕೆಮ್ಮು ತಾನಾಗಿ ಹೋಗುವುದೆಂದು ಎಲ್ಲರೂ ಎಂಟು ವಾರ ಕಾಯುವಂತಿಲ್ಲ. ಕ್ಷಯವೂ ಹೀಗೆಯೇ ಆರಂಭವಾಗುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ ಮಾಡಿಸಬೇಕು; ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಕಫದಲ್ಲಿ ರಕ್ತ, ಏದುಸಿರು, ಎದೆನೋವು, ಸಂಜೆಯ ಜ್ವರ, ತೂಕದ ಇಳಿಕೆ ಇವುಗಳಲ್ಲಿ ಯಾವುದೊಂದು ಕಂಡರೂ ಎರಡು ವಾರವನ್ನೂ ಕಾಯದೆ ವೈದ್ಯರನ್ನು ಕಾಣತಕ್ಕದ್ದು.