ಕೂಡಿ ಕೂತು ಬರೆಯುವ ಪ್ರಾರ್ಥನೆ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಓದುಗರು ಕೇಳಿದ ಪ್ರಶ್ನೆಗಳು ಈ ಸಲ ಒಂದೇ ವಿಷಯದ ಸುತ್ತ ಇವೆ. ಬರೆದವರ ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ಅಕ್ಕಾರೆ, ನಮ್ಮ ಊರಾಗ ವಾರಕ್ಕೊಮ್ಮೆ ಹೆಣ್ಮಕ್ಕಳು ಪ್ರಾರ್ಥನೆಗೆ ಕೂಡ್ತೇವ್ರಿ. ಸತ್ಯವೇದ ಓದಿದ ಮ್ಯಾಲ ಮನಸ್ಸಿಗೆ ಬಂದದ್ದು ವಹಿದಾಗ ಬರ್ದು, ಒಬ್ಬರಿಗೊಬ್ಬರು ಓದಿ ಹೇಳಬೇಕಂತ ಮಾಡೇವಿ. ಆದ್ರ ಹಿರಿಯರೊಬ್ಬರು, ‘ಆತ್ಮನು ಬಾಯಿಗೆ ಮಾತು ಕೊಡ್ತಾನ, ಬರ್ಕೊಂಡು ಓದಿದ್ದು ಪ್ರಾರ್ಥನೆ ಹ್ಯಾಂಗ ಆಗ್ತದ?’ ಅಂತಾರ. ಏನು ಹೇಳೋಣ್ರಿ?
– ಒಬ್ಬ ಓದುಗಳು, ಮಾದನಹಿಪ್ಪರಗಾ

ಉತ್ತರ: ತಂಗಿ, ಆ ಹಿರಿಯರ ಮಾತನ್ನು ಹಗುರ ಮಾಡಬೇಡಿ. ಪ್ರಾರ್ಥನೆ ಬಾಯಿಪಾಠ ಆಗಿಬಿಟ್ಟೀತು ಎಂಬ ಭಯ ಅವರದು. ಅದು ನ್ಯಾಯವಾದ ಭಯ. ಆದರೆ ಬಾಯಿಪಾಠ ಕಾಗದದಿಂದ ಮಾತ್ರ ಬರುವುದಿಲ್ಲ. ನಮ್ಮ ಕೂಟಗಳಲ್ಲಿ ಕಣ್ಣು ಮುಚ್ಚಿ ಮಾಡುವ ಪ್ರಾರ್ಥನೆಯನ್ನೇ ಗಮನವಿಟ್ಟು ಕೇಳಿ. ಮೊದಲಿನ ಸ್ತೋತ್ರ, ನಡುವಿನ ಬೇಡಿಕೆ, ಕೊನೆಯ ಆಮೆನ್, ಬಹಳಷ್ಟು ಸಲ ಎಲ್ಲವೂ ಸಭೆಯಲ್ಲಿ ಕೇಳಿ ಕಲಿತ ಸಾಲುಗಳೇ. ‘ತೊಗರಿ ನೆಟೆ ಹೋಯ್ತು, ಸಂಘದ ಕಂತು ಹ್ಯಾಂಗ ಕಟ್ಟೋದು’ ಎಂದು ರಾತ್ರಿಯೆಲ್ಲ ಹೊರಳಾಡಿದ ಹೆಣ್ಣುಮಗಳು ಕೂಟಕ್ಕೆ ಬಂದ ಕೂಡಲೇ ಬೇರೆಯವರ ಮಾತಿನಲ್ಲಿ ಮಾತಾಡುತ್ತಾಳೆ. ತೊಗರಿಯ ಸುದ್ದಿ ದೇವರ ಮುಂದೆ ಬರುವುದೇ ಇಲ್ಲ. ಪೆನ್ನು ಹಿಡಿದು ಕೂತರೆ ಕಲಿತ ಸಾಲುಗಳು ಮೂರು ನಾಲ್ಕರಲ್ಲಿ ಮುಗಿದುಹೋಗುತ್ತವೆ. ಆಮೇಲೆ ಬರುವುದು ಅವಳದೇ ಮಾತು. ಬರೆಯಿರಿ ಎಂದು ನಾನು ಒತ್ತಾಯಿಸುವುದು ಇದೊಂದೇ ಕಾರಣಕ್ಕೆ.

ಆಧಾರ ಕೇಳಿದರೆ ಸತ್ಯವೇದದಲ್ಲೇ ಇದೆ. ಯೆರೆಮೀಯನ ಪುಸ್ತಕದ 36ನೆಯ ಅಧ್ಯಾಯ ಓದಿ. ಪ್ರವಾದಿ ಹೇಳುತ್ತಾನೆ, ಬಾರೂಕ ಬರೆಯುತ್ತಾನೆ. ಅರಸ ಯೆಹೋಯಾಕೀಮ ಆ ಸುರುಳಿಯನ್ನು ಕತ್ತರಿಸಿ ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಇಬ್ಬರೂ ಮತ್ತೆ ಕೂತು ಅದೆಲ್ಲವನ್ನೂ ಬರೆದು, ಇನ್ನೂ ಹೆಚ್ಚು ಸೇರಿಸುತ್ತಾರೆ. ಪೌಲನ ಪತ್ರಗಳೂ ಒಂಟಿ ಕೋಣೆಯಲ್ಲಿ ಹುಟ್ಟಿದವಲ್ಲ. ಥೆಸಲೋನಿಕದವರಿಗೆ ಬರೆದ ಪತ್ರ ಪೌಲ, ಸಿಲ್ವಾನ, ತಿಮೊಥೆ ಮೂವರ ಹೆಸರಿನಲ್ಲಿ ಶುರುವಾಗುತ್ತದೆ. ರೋಮಾಪುರದವರಿಗೆ ಬರೆದ ಪತ್ರದ 16ನೆಯ ಅಧ್ಯಾಯದಲ್ಲಿ, ಪತ್ರ ಬರೆದುಕೊಂಡ ತೆರ್ತ್ಯ ತಾನೂ ಒಂದು ವಂದನೆ ಹೇಳುತ್ತಾನೆ. ಹಿರಿಯರಿಗೆ ಈ ಭಾಗಗಳನ್ನು ತೋರಿಸಿ. ಮೊದಲ ದಿನ ಅವರನ್ನೇ ಕರೆದು ವಾಕ್ಯ ಓದಿಸಿ.

ಇನ್ನು ನಡೆಸುವ ಬಗೆ. ಚಿಕ್ಕ ಭಾಗ ಆರಿಸಿಕೊಳ್ಳಿ. ಲೂಕ 15ರಲ್ಲಿ ಬೆಳ್ಳಿನಾಣ್ಯ ಕಳೆದುಕೊಂಡ ಹೆಂಗಸಿನ ಸಾಮ್ಯ ಮೂರೇ ವಚನದ್ದು. ಒಬ್ಬರು ನಿಧಾನವಾಗಿ ಓದಲಿ, ಸ್ವಲ್ಪ ಬಿಟ್ಟು ಇನ್ನೊಬ್ಬರು ಅದನ್ನೇ ಓದಲಿ. ಆಮೇಲೆ ಎಲ್ಲರೂ ಸುಮ್ಮನಿರಿ. ಆಕೆ ದೀಪ ಹಚ್ಚಿದ್ದು, ಮನೆ ಗುಡಿಸಿದ್ದು, ಸಿಕ್ಕ ಮೇಲೆ ನೆರೆಯವರನ್ನು ಕರೆದದ್ದು, ಇವುಗಳಲ್ಲಿ ಯಾವುದು ಮನಸ್ಸನ್ನು ಹಿಡಿದು ನಿಲ್ಲಿಸಿತೋ ಅಲ್ಲಿಂದ ಬರೆಯಲು ಶುರು ಮಾಡಿ. ಕಾಲು ತಾಸು ಸಾಕು. ಒಬ್ಬಳು ಕಳೆದ ಓಲೆಯ ಬಗ್ಗೆ ಬರೆದಾಳು, ಮತ್ತೊಬ್ಬಳು ಮುಂಬೈಗೆ ಹೋಗಿ ಫೋನು ಮಾಡದ ಮಗನ ಬಗ್ಗೆ. ನಂತರ ಮನಸ್ಸಿದ್ದವರು ಓದಲಿ. ಓದಿ ಮುಗಿದ ಮೇಲೆ ‘ಚಂದ ಬರ್ದೀರಿ’ ಎನ್ನಬೇಡಿ, ಬುದ್ಧಿವಾದವನ್ನೂ ಹೇಳಬೇಡಿ. ಒಂದು ಗಳಿಗೆ ಸುಮ್ಮನಿದ್ದು ಮುಂದಿನವರಿಗೆ ಬಿಡಿ. ಹೊಗಳಿಕೆ ಶುರುವಾದ ದಿನವೇ ಸ್ಪರ್ಧೆ ಶುರುವಾಗುತ್ತದೆ, ಸುಳ್ಳು ಬರೆಯುವುದೂ ಶುರುವಾಗುತ್ತದೆ.

12ನೆಯ ಶತಮಾನದ ಎರಡನೆಯ ಗಿಗೊ ಎಂಬ ಕಾರ್ಥೂಸಿಯನ್ ಸನ್ಯಾಸಿ ಓದು, ಧ್ಯಾನ, ಪ್ರಾರ್ಥನೆ, ದರ್ಶನ ಎಂದು ನಾಲ್ಕು ಮೆಟ್ಟಿಲು ಹೇಳಿದ್ದ. ನಿಮ್ಮ ಬರವಣಿಗೆ ಧ್ಯಾನಕ್ಕೂ ಪ್ರಾರ್ಥನೆಗೂ ನಡುವೆ ಕೂರುತ್ತದೆ.

ಪ್ರಶ್ನೆ: ನಮ್ಮ ಅತ್ತಿ ಶಾಲಿ ಕಲಿತಿಲ್ಲ. ಆದ್ರ ಸೊಸೆಂದಿರೆಲ್ಲ ಬರಿಲಿಕ್ಕ ಕೂತಾಗ ತಾನೂ ಬಂದು ಕೂಡ್ತಾಳ. ಆಕಿಗೆ ಏನು ಕೆಲಸ ಕೊಡೋಣ?
– ಅಫಜಲಪುರ ತಾಲೂಕಿನಿಂದ

ಉತ್ತರ: ನಿಮ್ಮ ಗುಂಪಿಗೆ ಸಿಕ್ಕ ದೊಡ್ಡ ಭಾಗ್ಯ ಆ ಅತ್ತಿ. ಅವರು ಹೇಳಲಿ, ನೀವೊಬ್ಬರು ಬರೆದುಕೊಳ್ಳಿ. ಈ ಸೀಮೆಗೆ ಇದು ಹೊಸದಲ್ಲ. ಕಡಕೋಳ ಮಡಿವಾಳಪ್ಪನವರ, ಅವರ ಪರಂಪರೆಯ ಚೆನ್ನೂರ ಜಲಾಲಸಾಹೇಬರ ತತ್ವಪದಗಳು ಭಜನೆಯಲ್ಲಿ ಹಾಡುವವರ ಬಾಯಿಂದ, ಬರೆದಿಟ್ಟುಕೊಂಡವರ ವಹಿಗಳಿಂದ ನಮ್ಮವರೆಗೆ ಬಂದವು. ಅಕ್ಷರ ಬಾರದವರೂ ಆ ಪದಗಳ ವಾರಸುದಾರರೇ.

ಒಂದೇ ಮಾತು ನೆನಪಿಡಿ. ಅತ್ತಿ ಹೇಳಿದ್ದನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಅವರು ‘ಯೇಸಪ್ಪಾ, ನನ್ನ ಮೊಣಕಾಲು ಹಿಡ್ದಾವ, ನಿನ್ನ ಮುಂದ ಮೊಣಕಾಲೂರಲಿಕ್ಕ ಆಗವಲ್ದು’ ಅಂದರೆ ಹಾಗೇ ಬರೆಯಿರಿ. ಬರೆದದ್ದನ್ನು ಅವರಿಗೇ ಓದಿ ಹೇಳಿ. ‘ಹೌದು, ನಾ ಅಂದಿದ್ದು ಇದೇ’ ಅಂತ ಅವರು ಒಪ್ಪಿದ ಮೇಲೆಯೇ ಆ ಪುಟ ಮುಗಿಯಿತು. ಉಳಿದವರಿಗೂ ಇದರಿಂದ ಧೈರ್ಯ ಬರುತ್ತದೆ. ಕಲಬುರಗಿ ಕನ್ನಡದಲ್ಲಿ ದೇವರ ಹತ್ತಿರ ಮಾತಾಡಬಹುದು ಎಂದು ಗುಂಪಿಗೆ ಮೊದಲು ಕಲಿಸುವವರು ಅವರೇ ಆಗುತ್ತಾರೆ.

ಪ್ರಶ್ನೆ: ರಾಶಿ ಮುಗಿದ ಮ್ಯಾಲ ನಮ್ಮ ಗುಂಪಿನ ಅರ್ಧ ಮಂದಿ ಪುಣೆ, ಮುಂಬೈಗೆ ದುಡಿಲಿಕ್ಕ ಹೋಗ್ತಾರ. ಗುಂಪು ಮುರಿದುಹೋಗ್ತದ.
– ಆಳಂದ ತಾಲೂಕಿನ ಯುವಕ

ಉತ್ತರ: ಹೋದವರಿಗೂ ಅದೇ ವಾರದ ವಾಕ್ಯ ತಿಳಿಸಿ. ಅವರು ಅಲ್ಲಿ ಬರೆಯಲಿ, ನೀವಿಲ್ಲಿ ಬರೆಯಿರಿ, ಬರೆದದ್ದನ್ನು ಬದಲಾಯಿಸಿಕೊಂಡು ಓದಿ. ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲ, ಲವೊದಿಕೀಯದ ಸಭೆಯ ಜೊತೆ ಪತ್ರ ಅದಲುಬದಲು ಮಾಡಿಕೊಳ್ಳಲು ಹೇಳಿದ್ದು ಇದನ್ನೇ.

ಪುಣೆ ರೈಲಿನಲ್ಲಿ ಹೋಗುವವರಿಗೆ ಇನ್ನೊಂದು ಮಾತು. ದೌಂಡ್ ದಾಟಿದ ಮೇಲೆ ಕೇಡಗಾಂವ್ ಸ್ಟೇಷನ್ ಬರುತ್ತದೆ. ಅಲ್ಲಿ ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಇದೆ. 1858ರಲ್ಲಿ ಕಾರ್ಕಳ ಬಳಿಯ ಕಾಡಿನಲ್ಲಿ, ಗಂಗಾಮೂಲದಲ್ಲಿ ಹುಟ್ಟಿದ ಈ ತಾಯಿ ಮೂಲ ಭಾಷೆಗಳನ್ನು ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. 1922ರಲ್ಲಿ ತೀರಿಕೊಳ್ಳುವ ಮುಂಚೆ ಕೆಲಸ ಮುಗಿಸಿದರು. ಅವರ ಆಶ್ರಯದಲ್ಲಿದ್ದ ಹೆಣ್ಣುಮಕ್ಕಳೇ ಅಚ್ಚಿನ ಮೊಳೆ ಜೋಡಿಸಿ ಮುದ್ರಿಸಿದರು. ಮನೆಯವರು ಕೈಬಿಟ್ಟ ವಿಧವೆಯರು, ಬರಗಾಲದಲ್ಲಿ ಬದುಕುಳಿದ ಹುಡುಗಿಯರು ಕೂಡಿ ಮಾಡಿದ ಆ ಕೆಲಸವನ್ನು ನಾನು ಆರಾಧನೆ ಎಂದೇ ಕರೆಯುತ್ತೇನೆ.

ಪ್ರಶ್ನೆ: ನಾನು ನನ್ನ ಮನೆಯಲ್ಲಿ ನಡೆಯುವುದನ್ನು, ಗಂಡ ಕುಡಿದು ಬಂದು ಕೈ ಮಾಡುವುದನ್ನು ಬರೆದು ಓದಿದೆ. ಎರಡೇ ದಿನದಲ್ಲಿ ಓಣಿಗೆಲ್ಲ ಗೊತ್ತಾಯಿತು. ಇನ್ನು ಆ ಕೂಟಕ್ಕೆ ಹೋಗುವುದಿಲ್ಲ.
– ಹೆಸರು, ಊರು ಬೇಡವೆಂದವರು

ಉತ್ತರ: ಹೋಗಬೇಡಿ. ನಿಮ್ಮನ್ನು ಅಲ್ಲಿಗೆ ಮತ್ತೆ ಕಳಿಸಲು ನನಗೆ ಮನಸ್ಸಿಲ್ಲ. ನೀವು ನಿಜ ಬರೆದಿರಿ, ಕೇಳಿದವರು ನಂಬಿಕೆ ಮುರಿದರು. ತಪ್ಪು ಅವರದು. ಮುಖ್ಯವಾಗಿ, ಹೊಡೆತ ಸಹಿಸುವುದು ಶಿಲುಬೆ ಹೊರುವುದಲ್ಲ. ಬರೆಯುವುದು ಇದಕ್ಕೆ ಮದ್ದೂ ಅಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ಜೀವಕ್ಕೆ ಅಪಾಯ ಅನಿಸಿದರೆ 112. ನಿಮ್ಮ ಮಾತು ನಂಬುವ ಒಬ್ಬ ಅಕ್ಕನನ್ನೋ ತವರಿನವರನ್ನೋ ಜೊತೆಗೆ ಕರೆದುಕೊಳ್ಳಿ.

ಕೂಟ ನಡೆಸುವವರಿಗೆ ನನ್ನ ಮಾತು ಕಟ್ಟುನಿಟ್ಟಾದದ್ದು. ಜಾನ್ ವೆಸ್ಲಿ 1742ರಲ್ಲಿ ಬ್ರಿಸ್ಟಲ್‌ನಲ್ಲಿ ಶುರು ಮಾಡಿದ ಚಿಕ್ಕ ಗುಂಪುಗಳ ಕಥೆ ಕಲಬುರಗಿ, ಬೀದರಿನ ಮೆಥೋಡಿಸ್ಟ್ ಸಭೆಗಳಿಗೆ ಗೊತ್ತಿರಬೇಕು. ಕಟ್ಟಡದ ಸಾಲ ತೀರಿಸಲು ಹನ್ನೆರಡು ಮಂದಿಗೊಬ್ಬ ನಾಯಕನಂತೆ ವಾರಕ್ಕೊಂದು ಪೆನ್ನಿ ಕೂಡಿಸುವ ಏರ್ಪಾಡು ಅದು. ಮನೆಮನೆಗೆ ಹೋದ ನಾಯಕರಿಗೆ ಜನರ ಕಷ್ಟ ಕಂಡಿತು. ವಸೂಲಿಯ ಗುಂಪು ಆತ್ಮ ಕಾಯುವ ಗುಂಪಾಯಿತು. ಅಂಥ ಗುಂಪು ನಿಲ್ಲುವುದು ಗುಟ್ಟು ಕಾಯುವ ನಾಯಕರಿಂದ. ಕೇಳಿದ್ದು ಹೊಸಲು ದಾಟಬಾರದೆಂದು ಪ್ರತಿ ಸಲ, ಶುರುವಿಗೆ ಮುಂಚೆ, ಬಾಯಿ ಬಿಟ್ಟು ಹೇಳಿ. ವಹಿ ಬರೆದವರ ಕೈಯಲ್ಲೇ ಇರಲಿ, ಯಾರೂ ಕೂಡಿಸಿ ಇಟ್ಟುಕೊಳ್ಳಬಾರದು. ಫೋಟೊ ತೆಗೆಯಬಾರದು. ಮಾತು ಹೊರಗೆ ಹಾಕಿದವರನ್ನು ಗುಂಪಿನಿಂದ ಬಿಡಿ, ಅವರು ಯಾರ ಸಂಬಂಧಿಕರೇ ಆಗಿರಲಿ.

ಪ್ರಶ್ನೆ: ಪಕ್ಕದ ಮನೆಯ ಲಿಂಗಾಯತ ಗೆಳತಿ ತಾನೂ ಬರ್ತೀನಿ ಅಂತಾಳೆ. ಕರೆಯಬಹುದೇ?
– ಜೇವರ್ಗಿ

ಉತ್ತರ: ಕರೆಯಿರಿ. ಷಣ್ಮುಖಸ್ವಾಮಿಗಳು ಅಖಂಡೇಶ್ವರ ಅಂಕಿತದಲ್ಲಿ ವಚನ ಬರೆದ ಊರು ನಿಮ್ಮದು. ಕೂಡಿ ಕೂತು ಅನುಭವ ಹಂಚಿಕೊಳ್ಳುವುದು ಆಕೆಯ ಮನೆತನದಲ್ಲಿ ನಿಮಗಿಂತ ಹಳೆಯದು. ಆಕೆ ತನ್ನ ದೇವರ ಹೆಸರಿನಲ್ಲೇ ಬರೆಯಲಿ.

ಪ್ರಶ್ನೆ: ಬರೆದ ಪ್ರಾರ್ಥನೆಗಳು ಬಹಳ ಕೂಡಿವೆ. ಕ್ರಿಸ್ಮಸ್‌ಗೆ ಪುಸ್ತಕ ಮಾಡಿಸೋಣವೇ?
– ಮಾದನಹಿಪ್ಪರಗಾ

ಉತ್ತರ: ಕನ್ನಡ ಕ್ರೈಸ್ತ ಸಾಹಿತ್ಯಕ್ಕೆ ನಿಮ್ಮಂಥವರ ದನಿ ಬೇಕು. ಕಿಟೆಲ್ 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದರು. ಹೊರಗಿನಿಂದ ಬಂದವರು ಪಟ್ಟ ಆ ಶ್ರಮಕ್ಕೆ ನಮ್ಮ ಹೊಲಮನೆಯ ಹೆಣ್ಣುಮಕ್ಕಳ ಪ್ರಾರ್ಥನೆ ಇನ್ನೂ ಸೇರಬೇಕಾಗಿದೆ. ಆದರೂ ಈ ಕ್ರಿಸ್ಮಸ್ ಬೇಡ. ಅಚ್ಚಾಗುತ್ತದೆಂದು ಗೊತ್ತಾದರೆ ಮುಂದಿನ ವಾರದಿಂದಲೇ ಎಲ್ಲರೂ ಓದುಗರಿಗಾಗಿ ಬರೆಯತೊಡಗುತ್ತಾರೆ. ಇನ್ನೊಂದು ವರ್ಷ ಕೂಡಿ ಬರೆಯಿರಿ. ಆಮೇಲೆ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೇಳಿ, ಬೇಡ ಎಂದವರ ಪುಟವನ್ನು ಮರುಮಾತಿಲ್ಲದೆ ಬಿಟ್ಟು, ಉಳಿದದ್ದನ್ನು ಅಚ್ಚಿಗೆ ಕೊಡಿ.