ಕಾಡನ್ನು ಕಡಿದದ್ದು ತೊಟ್ಟಿಲೇ?

"ಜನ ಹೆಚ್ಚಾದರು, ಅದಕ್ಕೇ ಕಾಡು ಹೋಯಿತು" ಎಂಬ ಮಾತನ್ನು ನೀವು ಕೇಳಿರುತ್ತೀರಿ, ಬಹುಶಃ ಹೇಳಿಯೂ ಇರುತ್ತೀರಿ. ಮಕ್ಕಳೊಂದಿಗರಾದ ಬಡವರ ಕಡೆ ಬೆರಳು ತೋರಿಸುವ ಮುನ್ನ ಬ್ರೆಜಿಲ್ ದೇಶದ ರೊಂಡೋನಿಯಾ ರಾಜ್ಯವನ್ನು ನೋಡೋಣ.

ಅಮೆಜಾನ್ ಕಾಡಿನ ಈ ಸೀಮೆಯಲ್ಲಿ 1970ರಲ್ಲಿ ಇದ್ದವರು ಸುಮಾರು 1.1 ಲಕ್ಷ ಜನ. 1991ರ ವೇಳೆಗೆ 11 ಲಕ್ಷ ದಾಟಿದರು. ಇಪ್ಪತ್ತೊಂದು ವರ್ಷಗಳಲ್ಲಿ ಹತ್ತು ಪಟ್ಟು! ಯಾವ ನಾಡಿನ ತೊಟ್ಟಿಲುಗಳೂ ಇಷ್ಟು ಬೇಗ ತುಂಬಲಾರವು. ಹೆಚ್ಚಿನವರು ಹೊರಗಿನಿಂದ ಬಂದವರು. ದಕ್ಷಿಣದ ಪರಾನಾ ರಾಜ್ಯದಲ್ಲಿ 1975ರ ಕಡುಚಳಿಗೆ ಕಾಫಿ ಗಿಡಗಳು ಕರಟಿಹೋದವು. ಆ ಭೂಮಿಗೆ ಸೋಯಾ ಬಂತು, ಟ್ರ್ಯಾಕ್ಟರ್ ಬಂತು. ಗೇಣಿದಾರನಿಗೂ ಕೂಲಿಯವನಿಗೂ ನೆಲೆ ತಪ್ಪಿತು. ದೊಡ್ಡ ಜಮೀನ್ದಾರರ ಭೂಮಿಯನ್ನು ಹಂಚುವ ಗೋಜಿಗೆ ಹೋಗದೆ ಸರ್ಕಾರ ಇವರಿಗೆ ಕಾಡನ್ನು ತೋರಿಸಿತು. ಅನೇಕ ಕುಟುಂಬಗಳಿಗೆ ತಲಾ 100 ಹೆಕ್ಟೇರ್, ಅಂದರೆ ಸುಮಾರು 250 ಎಕರೆ! 1981ರಲ್ಲಿ ವಿಶ್ವಬ್ಯಾಂಕ್ ಸಾಲ ಕೊಟ್ಟಿತು, 1984ರಲ್ಲಿ ಬಿ.ಆರ್. 364 ಹೆದ್ದಾರಿಗೆ ಡಾಂಬರು ಬಿತ್ತು. ಅಡ್ಡರಸ್ತೆಗಳ ಗುಂಟ ಕಾಡು ಕರಗಿದ ಬಗೆ ಉಪಗ್ರಹ ಚಿತ್ರಗಳಲ್ಲಿ ಮೀನಿನ ಮುಳ್ಳಿನಂತೆ ಕಾಣುತ್ತದೆ.

ಕಾನೂನಿನ ವಿಚಿತ್ರವನ್ನೂ ಕೇಳಿ. ಮರ ಕಡಿದವನು ಭೂಮಿಯನ್ನು 'ಸುಧಾರಿಸಿದ'ನೆಂದು ಲೆಕ್ಕ. ಹಕ್ಕುಪತ್ರ ಕೇಳಲು ಅದೇ ಆಧಾರ. ಆದರೆ ಅಂಥ ಮಳೆಕಾಡಿನ ಸತ್ವ ಬಹುಪಾಲು ಇರುವುದು ಮರಗಳಲ್ಲಿ. ಸುಟ್ಟ ಬೂದಿ ಮಳೆಗೆ ತೊಳೆದುಹೋದ ಮೇಲೆ ಕೆಲವೇ ವರ್ಷಗಳಲ್ಲಿ ಫಸಲು ಸೊರಗುತ್ತದೆ. ಆಗ ರೈತ ಹುಲ್ಲು ಬಿತ್ತುತ್ತಾನೆ, ಇಲ್ಲವೇ ಮಾರಿ ಇನ್ನೂ ಒಳಕ್ಕೆ ಹೋಗುತ್ತಾನೆ. ಕೊನೆಗೆ ಅಲ್ಲಿ ಮೇಯುವುದು ದನ. ಅಷ್ಟು ವಿಶಾಲ ಹುಲ್ಲುಗಾವಲಿಗೆ ಕೆಲವೇ ಆಳುಗಳು ಸಾಕು!

ಜನಸಂಖ್ಯೆಗೆ ಪಾತ್ರವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಹೊಲ ಮಕ್ಕಳಲ್ಲಿ ಪಾಲಾಗುತ್ತಾ ಹೋದರೆ ಹೊಸ ನೆಲ ಹುಡುಕುವುದು ಸಹಜ. ಆದರೆ 1960ರ ಸುಮಾರಿಗೆ ಬ್ರೆಜಿಲ್‌ನಲ್ಲಿ ತಾಯಿಯೊಬ್ಬಳಿಗೆ ಸರಾಸರಿ ಆರು ಮಕ್ಕಳಿದ್ದದ್ದು ಈ ಶತಮಾನದ ಆರಂಭಕ್ಕೆ ಎರಡರ ಆಸುಪಾಸಿಗೆ ಇಳಿದಿತ್ತು. ಆದರೂ 2004ರ ಒಂದೇ ವರ್ಷದಲ್ಲಿ ಅಮೆಜಾನ್ 27,000 ಚದರ ಕಿಲೋಮೀಟರಿಗೂ ಹೆಚ್ಚು ಕಾಡನ್ನು ಕಳೆದುಕೊಂಡಿತು. ಉಪಗ್ರಹದ ಕಾವಲು, ದಂಡ, ಸಾಲಕ್ಕೆ ಕಡಿವಾಣ ಬಂದ ಮೇಲೆ 2012ರಲ್ಲಿ ಅದು ಸುಮಾರು 4,500ಕ್ಕೆ ಇಳಿಯಿತು. ಆ ಎಂಟು ವರ್ಷಗಳಲ್ಲಿ ಜನಸಂಖ್ಯೆಯೇನೂ ಕಡಿಮೆಯಾಗಿರಲಿಲ್ಲ. ಕಾವಲು ಸಡಿಲವಾಗಿ 2021ರಲ್ಲಿ ಮತ್ತೆ 13,000 ದಾಟಿತು.

ಪಾರಾ ರಾಜ್ಯದ ಅನಾಪುವಿನಲ್ಲಿ ಸಿಸ್ಟರ್ ಡೊರೊಥಿ ಸ್ಟ್ಯಾಂಗ್ ಇಂಥ ಬಡ ವಲಸಿಗರ ಜೊತೆಗಿದ್ದು, ಕಾಡನ್ನು ಉಳಿಸಿಕೊಂಡೇ ಬೇಸಾಯ ಮಾಡುವ ದಾರಿ ತೋರಿಸುತ್ತಿದ್ದರು. 2005ರ ಫೆಬ್ರವರಿ 12ರಂದು, 73ನೇ ವಯಸ್ಸಿನಲ್ಲಿ, ಅವರನ್ನು ಗುಂಡಿಕ್ಕಿ ಕೊಂದರು. ಕೊಲ್ಲಿಸಿದ ಅಪರಾಧಕ್ಕೆ ಶಿಕ್ಷೆಯಾದದ್ದು ಇಬ್ಬರು ಜಮೀನ್ದಾರರಿಗೆ, ದನದ ಮಂದೆಗಳ ಒಡೆಯರಿಗೆ.