ಹಳೇ ಮನೆಯ ಬಣ್ಣ ಕೆರೆಯುವ ಮುನ್ನ

ನ್ಯೂಜೆರ್ಸಿಯಲ್ಲಿ ಹಳೇ ಮನೆ ಕೊಂಡು ರಿಪೇರಿಗೆ ಕೈಹಾಕುವ ನಮ್ಮ ಕನ್ನಡಿಗರು ವಕೀಲರ ಬಾಗಿಲು ತಟ್ಟುವುದು ಎಲ್ಲ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಕಿಟಕಿಗಳನ್ನು ಮೆಷಿನ್ನಿನಿಂದ ಉಜ್ಜಿ ಹೊಸ ಬಣ್ಣ ಹೊಡೆದಾಗಿರುತ್ತದೆ, ಮಗುವಿನ ರಕ್ತದಲ್ಲಿ ಸೀಸ ಕಂಡಿರುತ್ತದೆ, ಕೆಲಸ ಮಾಡಿದವನು ಫೋನ್ ಎತ್ತುವುದಿಲ್ಲ.

ಮನೆ ಕಟ್ಟಿದ್ದು 1978ಕ್ಕೆ ಮುಂಚೆಯೇ? ಹಾಗಿದ್ದರೆ, ಪರೀಕ್ಷೆ ಮಾಡಿಸುವ ತನಕ ಅದರ ಬಣ್ಣದಲ್ಲಿ ಸೀಸ ಇದೆ ಎಂದೇ ಇಟ್ಟುಕೊಳ್ಳಿ. ಅಮೆರಿಕ ಮನೆಬಳಕೆಯ ಸೀಸದ ಬಣ್ಣವನ್ನು ಆ ವರ್ಷ ನಿಷೇಧಿಸಿತು, ಗೋಡೆಯ ಮೇಲಿನ ಹಳೇ ಪದರ ಮಾತ್ರ ಹಾಗೇ ಉಳಿಯಿತು. ಮೇಲೆ ಕೆಳಗೆ ಜಾರುವ ಕಿಟಕಿ ಉಜ್ಜಿ ಉಜ್ಜಿ ಉದುರುವ ಪುಡಿ ಕಣ್ಣಿಗೂ ಕಾಣದಷ್ಟು ಸಣ್ಣದು. ಅಂಬೆಗಾಲಿಡುವ ಕೂಸು ಅದೇ ನೆಲ ಮುಟ್ಟಿ ಬೆರಳು ಚೀಪುತ್ತದೆ. ಮೆದುಳಿಗಾದ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ.

2010ರ ಏಪ್ರಿಲ್‌ನಿಂದ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ (ಇಪಿಎ) ನಿಯಮ ಜಾರಿಯಲ್ಲಿದೆ. ಇಂಥ ಮನೆಯಲ್ಲಿ ಹಣ ಪಡೆದು ಕೆಲಸ ಮಾಡುವ ಸಂಸ್ಥೆಗೆ ಒಂದು ಸರ್ಟಿಫಿಕೇಟ್, ಕೆಲಸದ ಉಸ್ತುವಾರಿ ನೋಡುವ ತರಬೇತಾದ ವ್ಯಕ್ತಿಗೆ ಇನ್ನೊಂದು ಬೇಕು. ಎರಡನ್ನೂ ಕೇಳಿ. ರಾಜ್ಯದ ಕಂಟ್ರಾಕ್ಟರ್ ಲೈಸೆನ್ಸ್ ತೋರಿಸಿ ‘ಇದೇ ಅದು’ ಎಂದರೆ ನಂಬಬೇಡಿ. ಕೆಲಸ ಶುರುವಾಗುವ ಮೊದಲೇ ಸೀಸದ ಅಪಾಯದ ಕಿರುಪುಸ್ತಕ ನಿಮ್ಮ ಕೈಸೇರಬೇಕು. ಪುಸ್ತಕ ಕೊಡದೆ ‘ಸಿಕ್ಕಿದೆ’ ಎಂದು ಸಹಿ ಹಾಕಿಸಿಕೊಳ್ಳುವವರೂ ಇದ್ದಾರೆ.

ಒಳಗೆ ಕೋಣೆಗೆ 6 ಚದರಡಿ, ಹೊರಗೆ 20 ಚದರಡಿ ಮೀರದ ಕೆಲಸಕ್ಕೆ ವಿನಾಯಿತಿ ಉಂಟು. ಕಿಟಕಿ ಬದಲಿಸಿದರೆ, ಏನನ್ನಾದರೂ ಕೆಡವಿದರೆ ಅದೂ ಇಲ್ಲ. ‘ಮನೇಲಿ ಚಿಕ್ಕ ಮಕ್ಕಳಿಲ್ಲ ಅಂತ ಬರೆದುಕೊಡಿ, ಸಾಕು’ ಎನ್ನುವವನು ನಿಮಗೆ ಸುಳ್ಳು ಹೇಳುತ್ತಿದ್ದಾನೆ. ಆ ದಾರಿಯನ್ನು 2010ರಲ್ಲೇ ಮುಚ್ಚಿದ್ದಾರೆ. ಪರ್ಮಿಟ್ ಕಚೇರಿಯವರು ಶುಲ್ಕ ಕಟ್ಟಿಸಿಕೊಳ್ಳುವಾಗ ಸೀಸದ ಬಗ್ಗೆ ಒಂದು ಮಾತೂ ಆಡದಿರುವುದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಪರ್ಮಿಟ್ ಸಿಕ್ಕಿತೆಂದರೆ ಸೀಸದ ನಿಯಮ ಪಾಲಿಸಿದಂತಲ್ಲ.

ನಮ್ಮವರು ಅತಿ ಹೆಚ್ಚು ಎಡವುವುದು ಬೇರೊಂದು ಕಡೆ. ‘ನನ್ನ ಮನೆ, ನಾನೇ ಕೆರೆದುಕೊಳ್ಳುತ್ತೇನೆ, ನನಗ್ಯಾವ ನಿಯಮ?’ ತಾವೇ ವಾಸಿಸುವ ಮನೆಯಲ್ಲಿ ತಾವೇ ಕೆಲಸ ಮಾಡುವವರಿಗೆ ಈ ನಿಯಮ ಅನ್ವಯಿಸುವುದಿಲ್ಲ, ನಿಜ. ಆದರೆ ಬೇಸ್‌ಮೆಂಟನ್ನು ವಿದ್ಯಾರ್ಥಿಗೆ ಬಾಡಿಗೆಗೆ ಕೊಟ್ಟಿದ್ದೀರಾ? ಮನೆಯಲ್ಲೇ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವ ಡೇಕೇರ್ ನಡೆಸುತ್ತೀರಾ? ರಿಪೇರಿ ಮಾಡಿ ಲಾಭಕ್ಕೆ ಮಾರಲೆಂದೇ ಕೊಂಡಿರಾ? ಹಾಗಾದರೆ ಆ ವಿನಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಬಾಡಿಗೆಯನ್ನೇ ಕಾನೂನು ಸಂಭಾವನೆ ಎಂದು ಎಣಿಸುತ್ತದೆ, ಸರ್ಟಿಫಿಕೇಟ್ ಇಲ್ಲದ ಕಂಟ್ರಾಕ್ಟರ್ ಜಾಗದಲ್ಲಿ ನೀವು ನಿಂತಿರುತ್ತೀರಿ. ದಂಡ ಸಾವಿರಾರು ಡಾಲರ್ ದಾಟುತ್ತದೆ, ಬಾಡಿಗೆದಾರ ಹೂಡುವ ದಾವೆ ಬೇರೆ. ಶನಿವಾರ ಸ್ನೇಹಿತರನ್ನು ಕರೆದು ಸ್ಯಾಂಡರ್ ಹಿಡಿಯುವ ಮೊದಲು ಇದನ್ನು ಯೋಚಿಸಿ.

ಮನೆ ಕೊಳ್ಳುವಾಗ ಸೀಸದ ತಪಾಸಣೆಗೆ ಹತ್ತು ದಿನ ಕೇಳುವ ಹಕ್ಕು ನಿಮ್ಮದು. ಏಜೆಂಟ್ ಅವಸರಕ್ಕೆ ಆ ಹಕ್ಕನ್ನು ಬಿಟ್ಟುಕೊಡಬೇಡಿ. ಸೀಸದ ಮಾಹಿತಿ ಪತ್ರದಲ್ಲಿ ಮಾರುವವರು ‘ಗೊತ್ತಿಲ್ಲ’ ಎಂದು ಗುರುತು ಹಾಕಿದ್ದರೆ ಪರೀಕ್ಷೆಯೇ ಆಗಿಲ್ಲದಿರಬಹುದು.

ಮುಂಗಡ ಕೊಡುವ ಮುನ್ನ ಇಪಿಎ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹುಡುಕಿ. ಅನುಮಾನವಿದ್ದರೆ 1-800-424-5323ಕ್ಕೆ ಕರೆ ಮಾಡಿ, ಅದು ಸೀಸದ ಮಾಹಿತಿಗೆಂದೇ ಇರುವ ಸಹಾಯವಾಣಿ. ಈಗಾಗಲೇ ಕೆರೆದಿದ್ದರೆ ಮಕ್ಕಳನ್ನು ಈ ವಾರವೇ ವೈದ್ಯರಲ್ಲಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿ.